ಕಣ್ಣು ಕುಕ್ಕದ ಬೆಳಕು

ಇಸಕ್ಕಿ ಮೂರನೆಯ ಟಾರ್ಚನ್ನೂ ಹೊತ್ತಿಸಿ, ಅದರ ಮೂತಿಯನ್ನು ಅಂಗೈಯಿಂದ ಮುಚ್ಚಿದಳು. ಬೆರಳ ಸಂದುಗಳಿಂದ ಬೆಳಕು ಕೆಂಪಗೆ ಸೋರಿತು.

“ಇದೂ ಜಾಸ್ತಿ ಅಣ್ಣಾಚಿ. ಇನ್ನೂ ಮಂಕಾಗಿರೋದು ಇದ್ರೆ ತೆಗೀರಿ.”

ಏಣಿಯ ಮೇಲೆ ನಿಂತಿದ್ದ ಅಂಗಡಿಯ ಅಂತೋಣಿ ಅಣ್ಣಾಚಿ ಅಲ್ಲಿಂದಲೇ ಕತ್ತು ಹೊರಳಿಸಿದ. “ಊರಿಗೆ ಊರೇ ಬಂದು, ಸಿಲೋನ್ ದಡ ಕಾಣೋವಂಥ ಟಾರ್ಚ್ ಕೊಡು ಅಣ್ಣಾಚಿ ಅಂತ ಪ್ರಾಣ ತಿನ್ನತ್ತೆ. ನೀನೊಬ್ಬಳು ಹುಟ್ಟಿದೀಯ ನೋಡು, ಏನೂ ಕಾಣದಿರೋ ಟಾರ್ಚ್ ಕೇಳೋಕೆ. ನಾಳೆ ಬಂದು ಸಪ್ಪೆ ಉಪ್ಪು ಕೊಡಿ ಅಂತೀಯ.”

“ನೀವು ಸಾಮಾನು ಮಾರ್ತೀರೋ, ಬಾಯಿ ಮಾರ್ತೀರೋ?”

“ಬಾಯಿ ಪುಕ್ಕಟೆ ತಾಯಿ. ಸಾಮಾನಿಗೆ ಮಾತ್ರ ದುಡ್ಡು.”

ಇಸಕ್ಕಿಗೆ ನಗು ಬಂತು. ಆದರೂ ಟಾರ್ಚನ್ನು ಆರಿಸಿ ಪಕ್ಕಕ್ಕಿಟ್ಟಳು. ಹೊಸ ಕಾಲದ ಟಾರ್ಚುಗಳೆಲ್ಲ ಹೀಗೇ, ಬಿಳಿ ಬೆಳಕು ಸೂಜಿಯ ಹಾಗೆ ಬಂದು ಕಣ್ಣಿಗೆ ಚುಚ್ಚುತ್ತದೆ. ಅವಳಿಗೂ ಅವಳ ಗಂಡ ಮುನಿಯಸಾಮಿಗೂ ಹಣೆಗೆ ಕಟ್ಟಿಕೊಳ್ಳುವ ಅಂಥದೇ ಬ್ಯಾಟರಿ ದೀಪಗಳಿದ್ದವು. ಕೋಳಿ ಕೂಗುವ ಮೊದಲೇ ಅವನ್ನು ಕಟ್ಟಿಕೊಂಡು ತೂತುಕುಡಿಯ ಆಚೆಗಿನ ಉಪ್ಪಿನ ಪಾತಿಗಳಿಗೆ ಇಳಿದರೆ, ಬಿಸಿಲು ನೆತ್ತಿಗೇರುವಷ್ಟರಲ್ಲಿ ಅಂದಿನ ಉಪ್ಪನ್ನೆಲ್ಲ ಹಲಗೆಯಿಂದ ಎಳೆದು ಬದುವಿನ ಮೇಲೆ ಗುಡ್ಡೆ ಹಾಕಬಹುದು. ಅವರ ಬೀದಿಯ ಗಂಡು ಹೆಣ್ಣೆಲ್ಲ ಹಾಗೇ ಹೋಗುವುದು. ಇಸಕ್ಕಿಯ ತಾಯಿ ಪೇಚ್ಚಿಯೂ ಜೊತೆಗೆ ಬುಟ್ಟಿ ಹೊರಲು ಬರುತ್ತಿದ್ದಳು. ಬೀಗ ಹಾಕಿದ ಮನೆಯೊಳಗೆ ಉಳಿಯುವವಳು ಮಗಳು ಮಾರಿಕನಿ ಒಬ್ಬಳೇ. ಇನ್ನೂ ಹಾಲುಹಲ್ಲು ಉದುರುತ್ತಿರುವ ಹುಡುಗಿ, ಕತ್ತಲೆಂದರೆ ಹೆದರಿ ಸಾಯುತ್ತಿದ್ದಳು.

“ಇವಳಿಗಾ?” ಅಣ್ಣಾಚಿ ಏಣಿಯಿಳಿದು, ತಾಯಿಯ ಸೆರಗು ಹಿಡಿದು ನಿಂತಿದ್ದ ಮಾರಿಕನಿಯ ಗಲ್ಲ ಹಿಡಿದು ಅಲ್ಲಾಡಿಸಿದ. “ಮೊದಲೇ ಬೊಗಳಬಾರದಾ? ಮಕ್ಕಳದ್ದೇ ಇದೆ, ತಗೋ.”

ಅವನು ಕೊಟ್ಟದ್ದು ಬಾತುಕೋಳಿಯ ಆಕಾರದ ಪುಟ್ಟ ದೀಪ. ಬಾಲ ಒತ್ತಿದರೆ ಹೊಟ್ಟೆ ಬೆಳಗುತ್ತಿತ್ತು. ಇಸಕ್ಕಿ ಅದನ್ನು ತಿರುವಿ ಹಾಕಿ ಅಡಿಯ ಮುಚ್ಚಳವನ್ನು ಉಗುರಿನಿಂದ ಮೀಟಿದಳು. ಮುಚ್ಚಳ ಕಳಚಿ, ಗುಂಡಿಯಂಥ ಸೆಲ್ಲು ಅಂಗೈಗೆ ಬಿತ್ತು.

“ನಮ್ಮ ಪಾತಿ ಮೇಸ್ತ್ರಿ ಮೊಮ್ಮಗ ನುಂಗಿದ್ದು ಇಂಥದ್ದನ್ನೇ ಅಲ್ವಾ? ಗಂಟಲು ಸುಟ್ಟು ಹೋಯ್ತಂತೆ. ಇನ್ನೂ ಟ್ಯೂಬಲ್ಲೇ ಗಂಜಿ.”

“ಹಾಗಾದ್ರೆ ಚಾರ್ಜರ್ ಹಾಕೋದು ಕೊಡ್ಲಾ?”

“ಅದು ಬಿಸಿ ಆಗತ್ತೆ. ಹಾಸಿಗೇಲಿ ಇಟ್ಕೊಂಡೇ ಮಲಗ್ತಾಳೆ ಇವಳು.”

“ಗೋಡೆಗೆ ಒಂದು ಬಲ್ಬು?”

“ನಮ್ಮ ಬೀದಿ ಕರೆಂಟು ನಿಮಗೆ ಗೊತ್ತಿಲ್ವಾ ಅಣ್ಣಾಚಿ? ಹಬ್ಬಕ್ಕೆ ಬರೋ ಅಳಿಯನ ಹಾಗೆ, ಬಂದ್ರೆ ಬಂತು.”

ಅಣ್ಣಾಚಿ ಸೋತವನಂತೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಆಮೇಲೆ ಏನೋ ನೆನಪಾಗಿ, ಹಿಂದಿನ ಉಗ್ರಾಣದಿಂದ ಧೂಳು ಹಿಡಿದ ತಗಡಿನ ಡಬ್ಬಿಯೊಂದನ್ನು ಹೊತ್ತು ತಂದ. ಅದರಲ್ಲಿ ಹಳೆಯ ಕಾಲದ ಹಳದಿ ಬಲ್ಬಿನ ಟಾರ್ಚುಗಳು ಮಿಕ್ಕಿದ್ದವು. ಹಸಿರು ಪ್ಲಾಸ್ಟಿಕ್ಕಿನ ಮೈ, ಸುತ್ತಲೂ ತಿರುಗಿಸಿ ಬಿಗಿ ಮಾಡುವ ಮುಚ್ಚಳ, ಒಳಗೆ ಯಾವ ಮಗುವೂ ನುಂಗಲಾರದ ದಪ್ಪ ಸೆಲ್ಲುಗಳು. ಗುಂಡಿ ದೂಡಿದರೆ ಅರಿಸಿನದ ನೀರಿನಂಥ ಬೆಳಕು, ಒಂದು ಮಾರು ದೂರ ಹೋಗುವಷ್ಟರಲ್ಲಿ ಸುಸ್ತಾಗುತ್ತಿತ್ತು.

“ಇದೇ,” ಅಂದಳು ಇಸಕ್ಕಿ. “ಇದೇ ಬೇಕಾಗಿದ್ದದ್ದು.”

“ಯಾರೂ ಕೇಳೋರಿಲ್ಲದೆ ಎಸೆಯೋಣ ಅಂತಿದ್ದೆ. ಮಗೂಗೆ ಕಾಣತ್ತಾ ಕೇಳು.”

ಅಂಗಡಿಯ ಬಾಗಿಲಲ್ಲಿ ಬಿಸಿಲಿತ್ತು. ಇಸಕ್ಕಿ ಮಗಳನ್ನು ಹುಣಸೆಹಣ್ಣಿನ ಚೀಲಗಳಿದ್ದ ಉಗ್ರಾಣಕ್ಕೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಟಾರ್ಚು ಹೊತ್ತಿಸಿ ಎದುರಿನ ಗೋಡೆಗೆ ಹಿಡಿದಳು. ಸುಣ್ಣ ಕಿತ್ತ ಗೋಡೆಯ ಮೇಲೆ ತಟ್ಟೆಯಗಲದ ಹಳದಿ ಬೆಳಕು ಕೂತಿತು.

“ಹೇಗಿದೆ ಕಂದಾ?”

“ಹಚ್ಚಮ್ಮಾ,” ಅಂದಳು ಮಾರಿಕನಿ.

“ಹಚ್ಚಿದೀನಲ್ಲೇ.”

“ಇಲ್ಲ, ಹಚ್ಚು.”

ಹೊರಗಿನಿಂದ ಅಣ್ಣಾಚಿಯ ನಗು ಕೇಳಿತು. “ನಿನಗಿಂತ ಜೋರಾಗಿದಾಳೆ ಮಗಳು! ಸೆಲ್ ಸತ್ತಿದೆ ಅಂತ ಹೇಳಿ ದುಡ್ಡು ಕಮ್ಮಿ ಮಾಡಿಸೋ ಉಪಾಯ!”

ಇಸಕ್ಕಿ ನಗಲಿಲ್ಲ. ಮಗಳ ಭುಜ ಹಿಡಿದು ಗೋಡೆಯ ಕಡೆಗೆ ತಿರುಗಿಸಿದಳು. ಅವಳ ಬೆರಳು ತನಗೇ ಗೊತ್ತಿಲ್ಲದೆ ಆ ಭುಜವನ್ನು ಒತ್ತಿತು. “ಸರಿಯಾಗಿ ನೋಡು. ಉರೀತಿದೆ ತಾನೇ? ಉರೀತಿದೆ ಅಲ್ವಾ?”

ಮಗು ಕತ್ತು ಹೊರಳಿಸಿತು. ಅದು ನೋಡುತ್ತಿದ್ದದ್ದು ಗೋಡೆಯನ್ನಲ್ಲ, ತಾಯಿಯ ದನಿ ಬರುತ್ತಿದ್ದ ಕಡೆಯನ್ನು.

“ಹ್ಞೂಂ,” ಅಂದಳು ಮಾರಿಕನಿ. “ಉರೀತಿದೆ.”

ಇಸಕ್ಕಿಗೆ ಅಷ್ಟು ಸಾಕಾಗಿತ್ತು. ಟಾರ್ಚನ್ನು ಸೆರಗಿನಲ್ಲಿ ಒರೆಸಿಕೊಂಡು ಹೊರಬಂದಳು.

ಉಪ್ಪಿನ ಜನರ ಕಣ್ಣಿಗೆ ಒಂದು ಲೆಕ್ಕವಿದೆ. ಬೇಸಿಗೆಯಲ್ಲಿ ಹೋಗುತ್ತದೆ, ಮಳೆಗಾಲದಲ್ಲಿ ವಾಪಸು ಬರುತ್ತದೆ. ನಾಲ್ಕು ದಿಕ್ಕಿಗೂ ಬಿಳಿ, ಮೇಲೆ ಬೆಂಕಿ, ಕಾಲ ಕೆಳಗೆ ಕನ್ನಡಿಯಂಥ ನೀರು. ಇದರ ನಡುವೆ ತಿಂಗಳುಗಟ್ಟಲೆ ನಿಂತರೆ ಸಂಜೆ ಹೊತ್ತಿಗೆ ತಟ್ಟೆಯಲ್ಲಿರುವುದು ಅನ್ನವೋ ಬರಿ ತಟ್ಟೆಯೋ ತಿಳಿಯುವುದಿಲ್ಲ. ಸರಕಾರದವರು ಒಮ್ಮೆ ಕಪ್ಪು ಕನ್ನಡಕ ಹಂಚಿದ್ದರು. ಬೆವರಿಗೆ ಅದು ಮೂಗಿನಿಂದ ಜಾರಿ ಬೀಳುತ್ತದೆ ಎಂದು ಎಲ್ಲರೂ ಮದುವೆಮನೆಗೆ ಹಾಕಿಕೊಳ್ಳಲು ಎತ್ತಿಟ್ಟರು. ಮಳೆ ಬಂದು ಪಾತಿಗಳು ಮುಳುಗಿ ಕೆಲಸ ನಿಂತ ಮೇಲೆ, ಮಬ್ಬು ಮನೆಯೊಳಗೆ ಕೂತು ಕೂತು ಕಣ್ಣು ತಾನಾಗಿಯೇ ಸರಿಹೋಗುತ್ತದೆ. ಬೆಳಕು ತಿಂದದ್ದನ್ನು ಕತ್ತಲು ಕೊಡುತ್ತದೆಂದು ಅವರ ನಂಬಿಕೆ. ಪೇಚ್ಚಿಗೆ ಹಾಗೆ ಸರಿಹೋಗಿತ್ತು. ಇಸಕ್ಕಿಗೂ ಒಂದು ವರ್ಷ ಹಾಗೇ ಆಗಿ ಸರಿಹೋಗಿತ್ತು.

ಮಾರಿಕನಿ ಕೈಗೂಸಾಗಿದ್ದಾಗ ಪಾತಿಯ ಬದುವಿನ ಸೀಮೆಜಾಲಿ ಮರಕ್ಕೆ ಸೀರೆಯ ತೊಟ್ಟಿಲು ಕಟ್ಟಿ ಮಲಗಿಸುತ್ತಿದ್ದರು. ಬೇರೆ ದಾರಿಯಿರಲಿಲ್ಲ. ಈಗ ಹುಡುಗಿ ಮುಸ್ಸಂಜೆಗೆ ಹೊಸ್ತಿಲು ಎಡವುತ್ತಾಳೆ, ಪಕ್ಕದಲ್ಲಿಟ್ಟ ಚೊಂಬಿಗೆ ಕಾಲು ತಾಗಿಸಿ ನೀರು ಚೆಲ್ಲುತ್ತಾಳೆ, ಎಸೆದ ಚೆಂಡು ಮುಖಕ್ಕೆ ಬಡಿದ ಮೇಲೆ ಕೈ ಚಾಚುತ್ತಾಳೆ. ಬೀದಿಯ ಮಕ್ಕಳು ಹೊತ್ತು ಮುಳುಗುತ್ತಲೇ, ಕತ್ತಲಲ್ಲಿ ಕಣ್ಣು ಕಾಣದ ಕೋಳಿಗೆ ಹೇಳುವ ಹಾಗೆ, “ಕೋಳಿ ಕೋಳಿ, ಗೂಡು ಸೇರು!” ಎಂದು ರಾಗ ಎಳೆಯುತ್ತಾರೆ. ತೊಟ್ಟಿಲಲ್ಲೇ ಉಪ್ಪು ಮಗುವಿನ ಕಣ್ಣು ಕುಡಿದುಬಿಟ್ಟಿತು ಎಂದು ಇಸಕ್ಕಿ ಒಳಗೊಳಗೇ ಕೊರಗುತ್ತಿದ್ದಳು. ಕೊರಗಿನ ಜೊತೆಗೆ ಒಂದು ಸಮಾಧಾನವೂ ಇತ್ತು. ಉಪ್ಪಿನಿಂದ ಹೋದದ್ದಾದರೆ ಮಳೆಗೆ ಬರಲೇಬೇಕು.

“ಬೆಳಕೇ ತೋರಿಸಬೇಡ ಮಗೂಗೆ,” ಅಂದಿದ್ದಳು ಪೇಚ್ಚಿ. “ಹೊಟ್ಟೆ ಕೆಟ್ಟಾಗ ಉಪವಾಸ ಹಾಕಲ್ವಾ? ಕಣ್ಣಿಗೂ ಹಾಗೇ.”

“ಕತ್ತಲಾದ್ರೆ ಕಿರುಚ್ತಾಳಲ್ಲಮ್ಮಾ.”

“ಹಾಗಾದ್ರೆ ಒಂದು ಮಿಣುಕು ಇಡು. ಮಿಣುಕು ಅಂದ್ರೆ ಮಿಣುಕು. ಕಣ್ಣು ಕುಕ್ಕಬಾರದು.”

ಆ ಮಿಣುಕೇ ಈ ಟಾರ್ಚು.

ಇಸಕ್ಕಿ ಉಪವಾಸವನ್ನು ಕಟ್ಟುನಿಟ್ಟಾಗಿ ನಡೆಸಿದಳು. ಕಿಟಕಿಗೆ ಗೋಣಿ ಹೊಡೆದಳು. ಹಂಚಿನ ನಡುವಿನ ಗಾಜಿನ ಮೇಲೆ ಸಗಣಿ ಬಳಿದಳು. ಮಧ್ಯಾಹ್ನ ಪಾತಿಯಿಂದ ಬಂದವಳೇ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಣ್ಣಿಗೆ ನಂದಿಬಟ್ಟಲ ಹೂವಿಟ್ಟು ಒದ್ದೆ ಬಟ್ಟೆ ಕಟ್ಟುತ್ತಿದ್ದಳು. ದಿನಾ ನುಗ್ಗೆಸೊಪ್ಪು, ಭಾನುವಾರ ಆಡಿನ ಲಿವರ್. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗಲೂ ಕಳಿಸಲಿಲ್ಲ. ವಿಚಾರಿಸಲು ಬಂದ ಶಾಲೆಯ ಆಯಾಗೆ ಪೇಚ್ಚಿಯೇ ಉತ್ತರ ಹೇಳಿದಳು. “ಅಕ್ಷರ ಎಲ್ಲೂ ಓಡಿಹೋಗಲ್ಲ ಕಣಮ್ಮಾ. ಮೊದಲು ಕಣ್ಣು ಬರಲಿ, ಆಮೇಲೆ ಓದಲಿ.”

ಮುನಿಯಸಾಮಿಗೆ ಇದೆಲ್ಲ ಸರಿಬರುತ್ತಿರಲಿಲ್ಲ. ಅವನು ಪೇಚ್ಚಿಯ ಸ್ವಂತ ತಮ್ಮ. ಹುಟ್ಟಿದಾಗಿನಿಂದ ಇಸಕ್ಕಿಗೆ ಮಾಮ, ಕೊರಳಿಗೆ ತಾಳಿ ಕಟ್ಟಿದ ಮೇಲೂ ಮಾಮನೇ. ಅಕ್ಕನಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಹೆಂಡತಿಯ ಹತ್ತಿರ ಮಾತ್ರ ಗೊಣಗುತ್ತಿದ್ದ.

“ಮನೆ ಅನ್ನೋದು ಬಾವಿ ಆಗೋಯ್ತಲ್ಲೇ. ನನ್ನ ಲುಂಗಿ ಅಂತ ನಿನ್ನ ಲಂಗ ಸುತ್ಕೊಂಡು ಹೊರಟಿದ್ದೆ ಬೆಳಿಗ್ಗೆ.”

“ನೋಡಿದ್ರೆ ಮೇಸ್ತ್ರಿ ಖುಷಿಪಡ್ತಿದ್ದ ಬಿಡು ಮಾಮಾ.”

“ಟೌನಿನ ಕಣ್ಣಾಸ್ಪತ್ರೆಗೆ ಒಂದ್ಸಲ ತೋರಿಸಿಬಿಡೋಣ.”

“ಮಳೆ ಬರಲಿ ಮಾಮಾ. ಮಳೆಗೂ ಬರದಿದ್ರೆ ತೋರಿಸೋಣ.”

ಸುಧಾರಿಸುತ್ತಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಯಾಕೆಂದರೆ ಮಾರಿಕನಿ ಈಗ ಅಳುತ್ತಿರಲಿಲ್ಲ. ಬೆಳಗಿನ ಜಾವ ಅವರು ಹೊರಡುವಾಗ ಟಾರ್ಚನ್ನು ತಾನೇ ತೆಗೆದುಕೊಂಡು ಟಕ್ಕೆಂದು ಗುಂಡಿ ದೂಡಿ ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದಳು. “ಕಾಣ್ತಿದೆಯಾ?” ಎಂದರೆ “ಚೆನ್ನಾಗಿ ಕಾಣ್ತಿದೆ” ಎನ್ನುತ್ತಿದ್ದಳು. ಎಡವುವುದೂ ನಿಂತಿತ್ತು. ಒಲೆ ಎಲ್ಲಿದೆ, ಮಡಕೆ ಎಲ್ಲಿದೆ, ಅಜ್ಜಿ ಕಾಲು ಚಾಚಿ ಕೂರುವುದು ಎಲ್ಲಿ, ಎಲ್ಲ ಕಂಡವಳಂತೆ ಆ ಮಬ್ಬುಮನೆಯಲ್ಲಿ ಸುಳಿದಾಡುತ್ತಿದ್ದಳು. ಇಸಕ್ಕಿ ಬೀದಿಯವರಿಗೆಲ್ಲ ಹೇಳಿಕೊಂಡಳು. ಕೋಳಿ ಎಂದು ಕೂಗುವ ಹುಡುಗರಿಗೆ, “ಮಳೆ ಮುಗೀಲಿ, ನಿಮ್ಮ ತಲೇಲಿರೋ ಹೇನು ಎಣಿಸ್ತಾಳೆ ನನ್ನ ಮಗಳು,” ಎಂದು ಗದರಿದಳು.

ದಸರೆ ಕಳೆದು ಐಪ್ಪಸಿ ತಿಂಗಳು ಹುಟ್ಟುತ್ತಲೇ ಆ ಸೀಮೆಯ ಮಳೆ ಹಿಡಿಯಿತು. ಪಾತಿಗಳು ಒಂದೇ ನೀರಾಗಿ ಕಡಲಿನ ಬಣ್ಣಕ್ಕೆ ತಿರುಗಿದವು. ಉಪ್ಪಿನ ಗುಡ್ಡೆಗಳಿಗೆ ತಾಳೆಗರಿ ಹೊದಿಸಿ ಎಲ್ಲರೂ ಮನೆ ಸೇರಿದರು. ದೀಪಾವಳಿ ಬಂತು. ಬೀದಿಯ ಮಕ್ಕಳು ಮಳೆ ಬಿಟ್ಟ ಹೊತ್ತು ನೋಡಿ ಸುರುಸುರುಬತ್ತಿ ಹಚ್ಚಿಕೊಂಡು ಓಡಾಡಿದರು. ಮಾರಿಕನಿ ಬಾಗಿಲ ಹತ್ತಿರ ನಿಂತು, “ನಾನೂ ನೋಡ್ತೀನಿ, ಒಂದೇ ಒಂದು,” ಎಂದು ಪೀಡಿಸಿದಳು.

“ಇಷ್ಟು ದಿನ ಉಪವಾಸ ಇದ್ದದ್ದು ಒಂದು ಕಿಡಿಗೆ ಹೋಗಿಬಿಡತ್ತೆ. ಮುಂದಿನ ವರ್ಷ ಎಷ್ಟು ಬೇಕಾದ್ರೂ ಹಚ್ಚು.” ಇಸಕ್ಕಿ ಅವಳನ್ನು ಒಳಗೆ ಎಳೆದು, ಕಣ್ಣಿಗೆ ಬಟ್ಟೆ ಕಟ್ಟಿ, ಬಾಯಿಗೆ ಅದಿರಸದ ಕಜ್ಜಾಯ ಇಟ್ಟಳು. ಹೊರಗೆ ಪಟಾಕಿಯ ಸರವೊಂದು ಪಟಪಟ ಸಿಡಿಯಿತು. ಮಗು ಅದಿರಸ ಅಗಿಯುತ್ತ ಶಬ್ದ ಬಂದ ಕಡೆಗೆಲ್ಲ ಮುಖ ತಿರುಗಿಸುತ್ತಿತ್ತು.

ಮಳೆ ಮುನಿಯಸಾಮಿಯ ಕಣ್ಣುರಿ ಇಳಿಸಿತು. ಪೇಚ್ಚಿ ಸೂಜಿಗೆ ದಾರ ಪೋಣಿಸಿ ಎಲ್ಲರಿಗೂ ತೋರಿಸಿದಳು. ಇಸಕ್ಕಿ ಮಗಳ ಕಣ್ಣನ್ನು ದಿನಕ್ಕೆ ಎಷ್ಟು ಸಲ ನೋಡುತ್ತಿದ್ದಳೋ ಲೆಕ್ಕವಿಲ್ಲ. ನೋಡಲು ಚೆಂದದ ಕಣ್ಣುಗಳು. ಹೂ ಬಿದ್ದಿರಲಿಲ್ಲ, ಕೆಂಪಾಗಿರಲಿಲ್ಲ, ನೀರು ಸೋರುತ್ತಿರಲಿಲ್ಲ.

ಒಂದು ಸಂಜೆ ಕರೆಂಟು ಹೋಯಿತು. ಪೇಚ್ಚಿ ಎರಡು ಮನೆ ಆಚೆ ಹರಟೆಗೆ ಹೋಗಿದ್ದಳು. ಮುನಿಯಸಾಮಿ ಬಾಗಿಲಲ್ಲಿ ಕೂತು ಸೋರುವ ಛತ್ರಿಗೆ ತೇಪೆ ಹಾಕುತ್ತಿದ್ದ. ಇಸಕ್ಕಿ ಒಲೆಯ ಮುಂದೆ ಒಣಮೀನು ಹುರಿಯುತ್ತಿದ್ದಳು. ಒಲೆಯ ಕೆಂಡ ಅವಳ ಕೈವರೆಗೆ ಬೆಳಗುತ್ತಿತ್ತು, ಅದರಾಚೆ ಮನೆಯೆಲ್ಲ ಕಪ್ಪು. ಮೂಲೆಯಲ್ಲಿ ಮಾರಿಕನಿ ಬಟ್ಟೆಯ ಗೊಂಬೆಗೆ ಊಟ ಮಾಡಿಸುತ್ತಿದ್ದಳು.

“ಕತ್ತಲಾಯ್ತಾ ರಾಣಿ? ಹೆದರ್ಕೋಬೇಡ, ದೀಪ ಹಚ್ತೀನಿ,” ಅಂದಳು ಗೊಂಬೆಗೆ. ಟಕ್ಕೆಂದು ಗುಂಡಿ ದೂಡಿದ ಸದ್ದು. “ಈಗ ನೋಡು, ಎಷ್ಟು ಬೆಳಕು! ತಟ್ಟೆ ಕಾಣ್ತಾ? ಮೀನು ಕಾಣ್ತಾ? ಮುಳ್ಳು ತೆಗೆದು ತಿನ್ನಬೇಕು, ಆಯ್ತಾ?”

ಇಸಕ್ಕಿ ತಿರುಗಿದಳು. ಮೂಲೆಯಲ್ಲಿ ಬೆಳಕಿರಲಿಲ್ಲ.

ಕಣ್ಣು ಕೆಂಡಕ್ಕೆ ಒಗ್ಗಿದ್ದರಿಂದ ಹೀಗಿರಬೇಕು ಎಂದುಕೊಂಡು ರೆಪ್ಪೆ ಬಡಿದು ಮತ್ತೆ ನೋಡಿದಳು. ಎದ್ದು, ಗೋಡೆ ತಡವರಿಸುತ್ತ ಮೂಲೆಗೆ ಹೋದಳು. ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಟಾರ್ಚನ್ನು ಕೈಗೆತ್ತಿಕೊಂಡಳು. ಗುಂಡಿ ಮುಂದಕ್ಕೇ ಇತ್ತು. ಹಿಂದಕ್ಕೆ ಎಳೆದು ಮತ್ತೆ ದೂಡಿದಳು. ಏನೂ ಇಲ್ಲ. ಮುಚ್ಚಳದ ಅಂಚಿನಲ್ಲಿ ಬೆರಳಿಗೆ ಜಿಗುಟು ಹತ್ತಿತು. ಸೆಲ್ಲುಗಳು ಒಡೆದು ಒಸರಿ ಗಟ್ಟಿಯಾಗಿದ್ದವು. ಅದು ಸತ್ತು ಎಷ್ಟು ಕಾಲವಾಗಿತ್ತೋ.

“ಅಮ್ಮಾ?” ಅಂದಳು ಮಾರಿಕನಿ. “ಯಾಕೆ ಆರಿಸಿದೆ?”

ಇಸಕ್ಕಿ ಜಿಗುಟು ಹತ್ತಿದ ಬೆರಳನ್ನು ಸೆರಗಿಗೆ ಒರೆಸಿದಳು.

“ಹಚ್ಚಮ್ಮಾ. ರಾಣಿ ಊಟ ಮಾಡ್ತಿದಾಳೆ.”

“ಹಚ್ಚಿದೀನಿ,” ಅಂದಳು ಇಸಕ್ಕಿ.

“ಹ್ಞಾಂ,” ಅಂದಿತು ಮಗು. “ಚೆನ್ನಾಗಿ ಕಾಣ್ತಿದೆ.”

ಒಲೆಯ ಮೇಲೆ ಮೀನು ಸೀದು ಹೊಗೆ ಎದ್ದಿತು. “ಏಯ್, ಒಳಗೆ ಏನೇ ಸುಡ್ತಿದೀಯ, ಮನೇನೇ?” ಎಂದು ಮುನಿಯಸಾಮಿ ಬಾಗಿಲಿನಿಂದ ಕೂಗಿದ.

ಟೌನಿನ ಕಣ್ಣಾಸ್ಪತ್ರೆಯಲ್ಲಿ ಮಗುವಿನ ಕಣ್ಣಿಗೆ ಉರಿಯುವ ಹನಿ ಬಿಟ್ಟರು, ಕತ್ತಲೆ ಕೋಣೆಯಲ್ಲಿ ಕೂರಿಸಿದರು, ಯಂತ್ರದೊಳಗೆ ಗಲ್ಲ ಇಡಿಸಿದರು. ಡಾಕ್ಟರು ಕನ್ನಡಕ ಹಾಕಿದ ಸಣ್ಣ ವಯಸ್ಸಿನ ಹೆಂಗಸು. ಎಲ್ಲ ಮುಗಿದ ಮೇಲೆ ಗಂಡ ಹೆಂಡಿರಿಬ್ಬರನ್ನೂ ಕೂರಿಸಿ, ಮೊದಲು ಕೇಳಿದ್ದು ಮಗುವಿನ ವಿಷಯವನ್ನಲ್ಲ.

“ನೀವಿಬ್ಬರೂ ಮದುವೆಗೆ ಮೊದಲೇ ಸಂಬಂಧಿಕರಾ?”

“ನನ್ನ ಸ್ವಂತ ಮಾಮ,” ಅಂದಳು ಇಸಕ್ಕಿ. ಯಾರು ಕೇಳಿದರೂ ಇದನ್ನು ಹೇಳುವಾಗ ಅವಳಿಗೆ ಒಂದಿಷ್ಟು ಹೆಮ್ಮೆಯಿರುತ್ತಿತ್ತು. ಹೊರಗಿನವರಿಗೆ ಕೊಟ್ಟ ಹೆಣ್ಣಲ್ಲ ಅವಳು. “ಅಮ್ಮನ ತಮ್ಮ.”

ಡಾಕ್ಟರು ತಲೆಯಾಡಿಸಿದರು. ಅವರು ಎದುರು ನೋಡುತ್ತಿದ್ದ ಉತ್ತರವೇ ಅದು ಎಂಬಂತಿತ್ತು. “ಕಣ್ಣಿನ ಹಿಂದೆ ಒಂದು ತೆಳ್ಳನೆ ಪರದೆ ಇರತ್ತೆ. ಮಗೂಗೆ ಅದು ಅಂಚಿನಿಂದ ಒಣಗ್ತಾ ಬರ್ತಿದೆ. ಮೊದಲು ರಾತ್ರಿ ಕಾಣಲ್ಲ. ಆಮೇಲೆ ಅಕ್ಕಪಕ್ಕದ್ದು ಕಾಣಲ್ಲ. ಈಗ ಹಗಲು ಹೊತ್ತು ಎದುರಿಗೆ ಇರೋದು ಮಾತ್ರ ಕಾಣ್ತಿದೆ, ಕೊಳವೆ ಒಳಗಿಂದ ನೋಡಿದ ಹಾಗೆ. ಅದೂ ಚಿಕ್ಕದಾಗ್ತಾ ಹೋಗತ್ತೆ.”

“ಉಪ್ಪಿನ ಬಿಸಿಲಿಗೆ ಆದದ್ದು ಡಾಕ್ಟ್ರಮ್ಮಾ,” ಅಂದಳು ಇಸಕ್ಕಿ. “ತೊಟ್ಟಿಲು ಪಾತಿ ಹತ್ರಾನೇ ಕಟ್ತಿದ್ವಿ.”

“ಉಪ್ಪಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಹುಟ್ಟಿನಿಂದಲೇ ಬಂದದ್ದು. ನಿಮ್ಮಿಬ್ಬರ ರಕ್ತದಲ್ಲೂ ಅಡಗಿ ಕೂತಿದ್ದದ್ದು ಮಗೂಲಿ ಒಟ್ಟಿಗೆ ಸೇರಿದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಹೀಗಾಗೋದು ಜಾಸ್ತಿ.”

ಮುನಿಯಸಾಮಿ ಮೊಣಕಾಲ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದ. “ಹಾಗಾದ್ರೆ ತಪ್ಪು ನಮ್ಮದಾ?”

“ತಪ್ಪು ಅಂತ ಅಲ್ಲ.”

“ಮತ್ತೇನಂತ?”

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

“ಆಪರೇಷನ್?” ಅಂದಳು ಇಸಕ್ಕಿ. “ನನ್ನ ಕಣ್ಣು ತೆಗೆದು ಹಾಕೋಕೆ ಆಗತ್ತಾ?”

“ಆಗಲ್ಲಮ್ಮ. ಇದಕ್ಕೆ ಔಷಧಿ ಇಲ್ಲ. ಇದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.”

“ನಾವು ಬೆಳಕೇ ತೋರಿಸಲಿಲ್ಲ ಡಾಕ್ಟ್ರಮ್ಮಾ. ಬೇಸಿಗೆಯಿಂದ ಮಬ್ಬಲ್ಲೇ ಇಟ್ಟಿದೀವಿ. ಅಂಗಡಿಯಲ್ಲಿ ಹುಡುಕಿ ಹುಡುಕಿ ಎಲ್ಲಕ್ಕಿಂತ ಮಂಕಾದ ಟಾರ್ಚೇ ತಂದೆ. ದೀಪಾವಳಿಗೂ ಹೊರಗೆ ಬಿಡಲಿಲ್ಲ. ಅಷ್ಟು ಜೋಪಾನ ಮಾಡಿದೀವಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಅದರಿಂದ ಕೆಟ್ಟದ್ದೂ ಆಗಿಲ್ಲ, ಒಳ್ಳೇದೂ ಆಗಿಲ್ಲ,” ಅಂದರು ಮೆತ್ತಗೆ. “ಇನ್ನು ಮೇಲೆ ಹಾಗೆ ಮಾಡಬೇಡಿ. ಬಿಸಿಲಿಗೆ ಟೋಪಿ ಹಾಕಿ ಕಳಿಸಿ. ಏನೇನು ನೋಡಬೇಕು ಅನ್ನತ್ತೋ ಎಲ್ಲ ನೋಡಲಿ. ಈಗಲೇ ನೋಡಲಿ.”

ಇಸಕ್ಕಿಗೆ ಆ ‘ಈಗಲೇ’ ಎನ್ನುವುದು ಎಲ್ಲಕ್ಕಿಂತ ತಡವಾಗಿ ಅರ್ಥವಾಯಿತು. ಹೊರಗಿನ ಮೊಗಸಾಲೆಯ ಬೆಂಚಿನಲ್ಲಿ ಕೂತ ಮೇಲೆ. ಗೋಣಿ ಹೊಡೆದ ಕಿಟಕಿ ಕಣ್ಣ ಮುಂದೆ ಬಂತು. ಆ ಕಿಟಕಿಯಾಚೆ ಬೇಸಿಗೆಯಿಡೀ ಕೊಕ್ಕರೆಗಳು ಬಂದು ಹೋಗಿದ್ದವು. ಎದುರು ಮನೆಯ ಮೇಕೆ ಮರಿ ಹಾಕಿತ್ತು. ಮಗು ಇವನ್ನೆಲ್ಲ ನೋಡಬಹುದಾಗಿತ್ತು. ಇದ್ದ ಇಷ್ಟೇ ಇಷ್ಟು ಬೆಳಕನ್ನು, ಕಳ್ಳರು ಬರುತ್ತಾರೆಂದು ಒಡವೆಯನ್ನು ಬಾವಿಗೆ ಹಾಕಿದವಳ ಹಾಗೆ, ಅವಳೇ ಕೈಯಾರೆ ಹಾಕಿಬಿಟ್ಟಿದ್ದಳು.

“ಮಾರಿಕನಿ ಅಪ್ಪ ಅಮ್ಮ ನೀವೇ ಅಲ್ವಾ?”

ಎದುರಿಗೆ ಬಂದು ನಿಂತವಳು ನೀಲಿ ಸೀರೆಯ, ತಲೆ ನರೆತ ಹೆಂಗಸು. ಜೊತೆಗಿದ್ದ ನರ್ಸು, “ಸ್ಟೆಲ್ಲಾ ಟೀಚರ್. ಡಾಕ್ಟರ್ ಹೇಳಿ ಕಳಿಸಿದ್ರು,” ಎಂದು ಅವಳನ್ನು ಬೆಂಚಿನ ಹತ್ತಿರಕ್ಕೆ ಬಿಟ್ಟು ಹೋದಳು. ಟೀಚರು ಬೆಂಚಿನ ಅಂಚನ್ನು ಕೈಯಿಂದ ಸವರಿ ಜಾಗ ಹುಡುಕಿ ಕೂತಳು. ಆಗಲೇ ಇಸಕ್ಕಿಗೆ ಗೊತ್ತಾದದ್ದು, ಅವಳಿಗೆ ಕಣ್ಣಿಲ್ಲವೆಂದು.

“ನಮ್ಮದು ಕಣ್ಣಿಲ್ಲದ ಹೆಣ್ಣುಮಕ್ಕಳ ಶಾಲೆ. ಅಲ್ಲೇ ಹಾಸ್ಟೆಲ್ಲು. ಊಟ, ಬಟ್ಟೆ, ಪುಸ್ತಕ ಎಲ್ಲ ಅಲ್ಲೇ, ನೀವು ಏನೂ ಕೊಡಬೇಕಾಗಿಲ್ಲ. ಹಬ್ಬಕ್ಕೆ, ಬೇಸಿಗೆಗೆ ಮನೆಗೆ ಕಳಿಸ್ತೀವಿ.”

“ನನ್ನ ಮಗಳಿಗೆ ಕಾಣತ್ತೆ,” ಅಂದಳು ಇಸಕ್ಕಿ.

“ಗೊತ್ತು ತಾಯಿ. ಅದಕ್ಕೇ ಈಗಲೇ ಬನ್ನಿ ಅಂತಿರೋದು. ಕಾಣ್ತಿರುವಾಗಲೇ ಕಲಿತ್ರೆ ಮುಂದೆ ಬೀಳಲ್ಲ.” ಟೀಚರು ಚೀಲದಿಂದ ಉಬ್ಬು ಚುಕ್ಕಿಗಳ ದಪ್ಪ ಹಾಳೆಯೊಂದನ್ನು ತೆಗೆದು ಗಾಳಿಯಲ್ಲಿ ಹಿಡಿದಳು. “ಎಲ್ಲಿದೆ ನಮ್ಮ ಹುಡುಗಿ? ತಗೋ, ಇದರ ಮೇಲೆ ಬೆರಳಾಡಿಸು. ಎಲ್ಲೋ ಒಂದು ಕಡೆ ಮೂರು ಚುಕ್ಕಿ ಸಾಲಾಗಿ ಕೂತಿವೆ. ಹುಡುಕು ನೋಡೋಣ.”

ಮಾರಿಕನಿ ತಾಯಿಯ ಮಡಿಲಿನಿಂದ ಇಳಿದು ನೆಲಕ್ಕೆ ಕೂತಳು. ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಮುಖವನ್ನು ಬೇರೆಲ್ಲಿಗೋ ತಿರುಗಿಸಿ, ಎರಡು ಕೈಯ ತೋರುಬೆರಳುಗಳನ್ನು ಅದರ ಮೇಲೆ ಇರುವೆಗಳ ಹಾಗೆ ಬಿಟ್ಟಳು. “ಇಲ್ಲಿ!” ಎಂದಳು ಕೂಡಲೇ. “ಇಲ್ಲೂ ಇದೆ. ಇಲ್ಲಿ ಎರಡೇ.”

“ಅಬ್ಬಾ! ಯಾರು ಕಲಿಸಿದ್ರೇ ನಿನಗೆ?”

“ಯಾರೂ ಇಲ್ಲ. ಮನೇಲಿ ನಾನು ಹೀಗೇ ಮಾಡೋದು. ಅಮ್ಮಂಗೆ ಗೊತ್ತಾಗಲ್ಲ.”

ಇಸಕ್ಕಿ ಆ ಬೆರಳುಗಳನ್ನು ನೋಡಿದಳು. ಒಲೆ, ಮಡಕೆ, ಅಜ್ಜಿಯ ಕಾಲು, ಟಾರ್ಚಿನ ಗುಂಡಿ, ಎಲ್ಲವನ್ನೂ ಆ ಬೆರಳುಗಳೇ ನೋಡಿಟ್ಟುಕೊಂಡಿದ್ದವು.

“ಕಳಿಸೋಣ ಕಣೇ,” ಅಂದ ಮುನಿಯಸಾಮಿ, ಅವಳಿಗಷ್ಟೇ ಕೇಳುವಂತೆ. “ಅಕ್ಕನಿಗೆ ನಾನು ಹೇಳ್ತೀನಿ.” 

“ಅಲ್ಲಿ ರಾತ್ರಿ ದೀಪ ಇರತ್ತಾ?” ಮಾರಿಕನಿ ಟೀಚರನ್ನು ಕೇಳಿದಳು.

ಟೀಚರು ನಕ್ಕಳು. “ದೀಪ ಯಾರಿಗೆ ಬೇಕೇ ಅಲ್ಲಿ? ನಮ್ಮ ಹಾಸ್ಟೆಲಿನ ಬಿಲ್ಲು ನೋಡಿ, ಕರೆಂಟಿನೋರೇ ಬಂದು ಮೀಟರ್ ಕೆಟ್ಟಿದ್ಯಾ ಅಂತ ಕೇಳ್ಕೊಂಡು ಹೋಗ್ತಾರೆ.”

ಮಾರಿಕನಿ ಕಿಲಕಿಲ ನಕ್ಕುಬಿಟ್ಟಳು. ಉದುರಿದ ಹಲ್ಲಿನ ಕಿಂಡಿ ಕಾಣುವ ಹಾಗೆ, ಹೊಟ್ಟೆ ಹಿಡಿದುಕೊಂಡು. ಮನೆಯಲ್ಲಿ ಅವಳು ಹೀಗೆ ನಕ್ಕು ಎಷ್ಟೋ ಕಾಲವಾಗಿತ್ತು. ಕತ್ತಲೆಂದರೆ ಚೀರುತ್ತಿದ್ದ ಹುಡುಗಿ ಇವಳೇ ಹೌದೋ ಅಲ್ಲವೋ ಎಂದು ಇಸಕ್ಕಿ ನೋಡಿದಳು. ಉದ್ದನೆಯ ಕೋಣೆ, ಸಾಲು ಸಾಲು ಮಕ್ಕಳು, ಮುಸ್ಸಂಜೆಯಾದರೂ ಎದ್ದು ಹೋಗಿ ಸ್ವಿಚ್ಚು ಒತ್ತುವವರು ಒಬ್ಬರೂ ಇಲ್ಲ. ಆ ಕತ್ತಲಲ್ಲಿ ತನ್ನ ಮಗಳೂ ನಗುತ್ತ ಆಡುತ್ತಿದ್ದಾಳೆ.

ಇಸಕ್ಕಿ ಬೆಂಚಿನಲ್ಲಿ ಹಿಂದಕ್ಕೆ ಸರಿದದ್ದು ಟೀಚರಿಗೆ ಕೇಳಿಸಿರಬೇಕು. ನಗು ನಿಲ್ಲಿಸಿ, ಇಸಕ್ಕಿಯ ದನಿ ಬಂದಿದ್ದ ಕಡೆಗೆ ಕೈ ಚಾಚಿದಳು. “ತಮಾಷೆಗೆ ಅಂದೆ ತಾಯಿ. ಹೊಸದಾಗಿ ಬರೋ ಮಕ್ಕಳಿಗೆ ಸ್ವಲ್ಪ ದಿನ ಹೆದರಿಕೆ ಇರತ್ತೆ. ನಿಮ್ಮ ಮಗೂಗೋಸ್ಕರ ಒಂದು ಸಣ್ಣ ದೀಪ ಹಾಕಿಸ್ತೀನಿ, ರಾತ್ರಿಯೆಲ್ಲ ಉರಿಯೋ ಹಾಗೆ. ಅವಳ ಮಂಚದ ಹತ್ರಾನೇ. ನಾನು ಮಾತು ಕೊಡ್ತೀನಿ. ಸೋಮವಾರ ಕರ್ಕೊಂಡು ಬನ್ನಿ.”

“ಹೋಗೋಣ್ವಾ ಅಮ್ಮಾ?” ಅಂದಳು ಮಾರಿಕನಿ. ಬೆರಳು ಇನ್ನೂ ಚುಕ್ಕಿಗಳ ಮೇಲೇ ಇತ್ತು.

ಆ ಸಣ್ಣ ದೀಪವೂ ಒಂದು ರಾತ್ರಿ ಟಾರ್ಚಿನ ಹಾಗೆ ಸತ್ತರೆ, ಸತ್ತಿದೆ ಎಂದು ಹೇಳಲು ಅಲ್ಲಿ ಕಣ್ಣಿರುವವರು ಯಾರು? ಇಸಕ್ಕಿ ಆ ಹಾಳೆಯನ್ನು ಮಗಳ ಬೆರಳಡಿಯಿಂದ ಎಳೆದು ಟೀಚರಿನ ಮಡಿಲಲ್ಲಿಟ್ಟಳು.

“ಬೇಡ,” ಅಂದಳು. “ಕಳಿಸಲ್ಲ.”